ಉಷ್ಣ ಆಗಿದೆಯಂತೆ

2023ರ ಬೇಸಿಗೆಯಲ್ಲಿ ಅಮೆರಿಕದ ಆಸ್ಟಿನ್‌ನ ಹಗಲು ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಇಲ್ಲವೇ ಮೀರಿತ್ತು. ಅದಕ್ಕೆ ನಾವು ಬಿಸಿಲು ಅನ್ನುತ್ತೇವೆ, ಧಗೆ ಅನ್ನುತ್ತೇವೆ, ಉಷ್ಣ ಅನ್ನುವುದಿಲ್ಲ. ಉಷ್ಣ ಆಗುವುದು ಮೈಗೆ. ಫ್ರಿಜ್ಜಿನಿಂದ ತೆಗೆದ ಪರಂಗಿಹಣ್ಣು ಉಷ್ಣ, ಹಬೆಯಾಡುವ ಸಬ್ಬಕ್ಕಿ ಗಂಜಿ ತಂಪು. ಬಾಯಿಹುಣ್ಣು, ಕಣ್ಣುರಿ, ಉರಿಮೂತ್ರ ಎಲ್ಲವೂ ಇದರ ಖಾತೆಗೇ. ಬಾಯಿಬಿಟ್ಟು ಹೇಳಲಾಗದ ಇನ್ನೊಂದು ನೋವೂ ಅದರಲ್ಲೇ ಸೇರಿಕೊಂಡಿದೆ.

ಡಲ್ಲಾಸ್ ಹತ್ತಿರದ ಫ್ರಿಸ್ಕೋದಿಂದಲೋ ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡಿನಿಂದಲೋ ಮೈಸೂರಿಗೆ ಫೋನ್ ಮಾಡಿದ ಮಗ "ಕಕ್ಕಸಿಗೆ ಹೋದರೆ ಗಾಜಿನಲ್ಲಿ ಕೊಯ್ದ ಹಾಗಾಗುತ್ತೆ" ಅನ್ನಲಾರ. "ಯಾಕೋ ಉಷ್ಣ ಆಗಿದೆ ಅಮ್ಮ" ಅಂದರೆ ಸಾಕು. ಯಾವ ಉಷ್ಣ ಎಂದು ಅಮ್ಮನೂ ಕೆದಕುವುದಿಲ್ಲ. "ಹೊಕ್ಕುಳಿಗೆ ಹರಳೆಣ್ಣೆ ಹಚ್ಕೊಂಡು ಮಲಗು. ಮೆಂತ್ಯ ನೆನೆಹಾಕಿ ಮಜ್ಜಿಗೇಲಿ ಕುಡಿ. ಆ ಚಿಕನ್ ಒಂದಷ್ಟು ದಿನ ಬಿಡು."

ಆಗಿರುವುದು ಸೀಳು, ಡಾಕ್ಟರರ ಬಾಯಲ್ಲಿ ಫಿಶರ್. ಗಟ್ಟಿ ಮಲ ಹಾಯುವಾಗ ಗುದದ್ವಾರದ ತೆಳುಪದರ, ಹೆಚ್ಚಾಗಿ ಹಿಂಬದಿಯ ನಡುವೆ, ಹರಿಯುತ್ತದೆ. ನೋವಿಗೆ ಒಳಗಿನ ಸ್ನಾಯು ಸೆಟೆದುಕೊಳ್ಳುತ್ತದೆ, ಸೆಟೆದಲ್ಲಿಗೆ ರಕ್ತ ಸಾಲದೆ ಗಾಯ ಮಾಯುವುದಿಲ್ಲ. ಹೆದರಿ ಕಕ್ಕಸು ಮುಂದೂಡಿದರೆ ಮಲ ಇನ್ನೂ ಗಟ್ಟಿ. ಹಳೆಯ ಸೀಳಿನ ಅಂಚಿಗೆ ಚರ್ಮದ ಸಣ್ಣ ಕುಡಿ ಬೆಳೆಯುತ್ತದೆ. ಅದು ಕೈಗೆ ತಾಗಿದ್ದೇ ತಡ, ಮೂಲವ್ಯಾಧಿ ಎಂದುಕೊಂಡು ಅಂಗಡಿಯಿಂದ ಪೈಲ್ಸ್ ಮುಲಾಮು ತರುವವರೇ ಹೆಚ್ಚು.

ಅಮ್ಮನ ಮದ್ದು ಅರ್ಧ ಸರಿ. ನೆನೆದ ಮೆಂತ್ಯ, ಕಾಮಕಸ್ತೂರಿ ಬೀಜದ ಲೋಳೆ ಎಲ್ಲ ನಾರೇ. ಅಮೆರಿಕದ ಡಾಕ್ಟರೂ ದಿನಕ್ಕೆ 25ರಿಂದ 35 ಗ್ರಾಂ ನಾರು, ಸಾಕಷ್ಟು ನೀರು ಅನ್ನುತ್ತಾರೆ. ಅವರು ಹೇಳುವ ಮೆಟಾಮ್ಯುಸಿಲ್ ನಮ್ಮ ಇಸಬ್‌ಗೋಲೇ. (ಹೊಕ್ಕುಳಿನ ಹರಳೆಣ್ಣೆಯ ಬಗ್ಗೆ ಅಮ್ಮಂದಿರ ಹತ್ತಿರ ವಾದಕ್ಕಿಳಿಯುವ ಧೈರ್ಯ ನನಗಿಲ್ಲ.) ಡಾಕ್ಟರರ ಮುಂದಿನ ಸಲಹೆ ಕೇಳಿದರೆ ಮಾತ್ರ ಅಮ್ಮಂದಿರು ಬೆಚ್ಚಿಬೀಳುತ್ತಾರೆ: ಉಷ್ಣ ಅಂದವನಿಗೆ ಬಿಸಿನೀರು! ಕಮೋಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಬೋಗುಣಿಗೆ ಹದಬಿಸಿ ನೀರು ಹಾಕಿ 10–15 ನಿಮಿಷ ಕೂತರೆ ಸೆಟೆದ ಸ್ನಾಯು ಸಡಿಲಾಗುತ್ತದೆ.

ಹೊಸ ಸೀಳು ಬಹುಪಾಲು ಇಷ್ಟಕ್ಕೇ ಮಾಯುತ್ತದೆ. 6–8 ವಾರ ದಾಟಿತೋ, ನೈಟ್ರೋಗ್ಲಿಸರಿನ್ ಅಥವಾ ಡಿಲ್ಟಿಯಾಜೆಮ್ ಮುಲಾಮು. ಮೊದಲನೆಯದು ತಲೆನೋವನ್ನೂ ಜೊತೆಗೆ ತರಬಹುದು. ಬಗ್ಗದಿದ್ದರೆ ಬೊಟಾಕ್ಸ್, ಇಲ್ಲವೇ ಸ್ನಾಯುವನ್ನು ತುಸು ಕೊಯ್ಯುವ ಆಪರೇಷನ್. ಅದರಲ್ಲಿ ಗುಣವಾಗದವರು ಕಡಿಮೆ, ಆದರೆ ಕೆಲವರಿಗೆ ಗಾಳಿ ತಡೆಯುವ ಹಿಡಿತ ಸಡಿಲಾಗುವುದುಂಟು.

ರಕ್ತ ಕಂಡಾಗ ಉಷ್ಣ ಅಂದು ಸುಮ್ಮನಾಗುವಂತಿಲ್ಲ. ಫಿಶರಿನಲ್ಲೂ ರಕ್ತ, ಕರುಳಿನ ಕ್ಯಾನ್ಸರಿನಲ್ಲೂ ರಕ್ತ. ಅಮೆರಿಕದಲ್ಲಿ ಏನೂ ತೊಂದರೆಯಿಲ್ಲದವರಿಗೂ 45ಕ್ಕೇ ಕರುಳಿನ ತಪಾಸಣೆ ಶುರುಮಾಡಿ ಎನ್ನುತ್ತಾರೆ. ರಕ್ತ ಹೋಗುತ್ತಿರುವವರು 45 ಆಗಲಿ ಎಂದು ಕಾಯಬೇಕಿಲ್ಲ.