ಬೆಂಗಳೂರಿನ ಎಂ.ಜಿ. ರಸ್ತೆ: ನೋಡುವುದೇನು, ಕೊಳ್ಳುವುದೇನು?

ಮಡಕಶಿರಾ, ಅಮರಾಪುರ, ಹೇಮಾವತಿ ಕಡೆಯವರಿಗೆ ಬೆಂಗಳೂರು ಹೊಸ ಊರೇನಲ್ಲ. ಆಸ್ಪತ್ರೆ, ಕೆಲಸ, ಮದುವೆ ಜವಳಿ ಎಂದು ಹೋಗಿಬರುವವರು ಎಲ್ಲ ಹಳ್ಳಿಗಳಲ್ಲೂ ಇದ್ದಾರೆ. ಆದರೆ ಹೆಚ್ಚಿನವರ ಬೆಂಗಳೂರು ಮೆಜೆಸ್ಟಿಕ್, ಚಿಕ್ಕಪೇಟೆಗಳಿಗೇ ಮುಗಿಯುತ್ತದೆ. ಎಂ.ಜಿ. ರಸ್ತೆ ಎಂದರೆ ದುಡ್ಡಿದ್ದವರ, ಇಂಗ್ಲಿಷ್ ಬಲ್ಲವರ ಜಾಗ ಎಂಬ ಅಳುಕು. ಈ ಅಳುಕಿಗೆ ಇತಿಹಾಸದಲ್ಲಿ ಕಾರಣವಿದೆ. ಇವತ್ತು ಅದನ್ನು ಇಟ್ಟುಕೊಳ್ಳಬೇಕಾಗಿಲ್ಲ.

ಹೆಸರು ಬಂದ ಬಗೆ

1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರೆಂದರೆ ಪೇಟೆ ಭಾಗ. ಇಂಗ್ಲಿಷರು 1809ರಲ್ಲಿ ಪೇಟೆಯ ಪೂರ್ವಕ್ಕೆ ದಂಡು ಪ್ರದೇಶ ಸ್ಥಾಪಿಸಿದರು. ಸೈನಿಕರ ಕವಾಯತು ಮೈದಾನದ ದಕ್ಷಿಣಕ್ಕಿದ್ದ ರಸ್ತೆಗೆ 'ಸೌತ್ ಪರೇಡ್' ಎಂದು ಹೆಸರಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಅಲ್ಲಿನ ಬೀದಿಗಳಲ್ಲಿ ಇಂಗ್ಲಿಷ್, ತಮಿಳು, ಉರ್ದು ಹೆಚ್ಚು, ಕನ್ನಡ ಕಡಿಮೆ. ದಂಡು ಮೈಸೂರಿಗೆ ಸೇರಿದ್ದು 1947ರಲ್ಲಿ. 1948ರಲ್ಲಿ ರಸ್ತೆಗೆ ಮಹಾತ್ಮ ಗಾಂಧಿ ಹೆಸರು ಬಂತು. 1949ರಲ್ಲಿ ಪೇಟೆ, ದಂಡು ಎರಡೂ ಒಂದೇ ನಗರಪಾಲಿಕೆಯಾದವು.

ಹೋಗುವುದು ಹೇಗೆ?

ಶಿರಾ, ತುಮಕೂರು ಮೂಲಕ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಬರಬೇಕಾಗಿಲ್ಲ. ಬಸ್ಸು ನಿಲ್ಲಿಸಿದರೆ ಜಾಲಹಳ್ಳಿ ಕ್ರಾಸ್‌ನಲ್ಲೇ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಬಹುದು. ಮೆಜೆಸ್ಟಿಕ್‌ನಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಳ್ಳಿ. ಅಲ್ಲಿಂದ ನಾಲ್ಕನೆಯ ನಿಲ್ದಾಣವೇ ಎಂ.ಜಿ. ರಸ್ತೆ. ಹಿಂದೂಪುರದಿಂದ ರೈಲಿನಲ್ಲಿ ಬರುವವರಿಗೆ ಬೆಂಗಳೂರು ಸಿಟಿ ಸ್ಟೇಷನ್ ಪಕ್ಕದಲ್ಲೇ ನೇರಳೆ ಮಾರ್ಗದ ನಿಲ್ದಾಣವಿದೆ. ನಿಲ್ದಾಣದ ಫಲಕಗಳಲ್ಲಿ ಕನ್ನಡವಿದೆ, ರೈಲಿನ ಒಳಗೆ ಪ್ರಕಟಣೆಯೂ ಕನ್ನಡದಲ್ಲಿದೆ.

ನೋಡಬೇಕಾದದ್ದು

ರಸ್ತೆ ಪಶ್ಚಿಮದಲ್ಲಿ ಗಾಂಧಿ ಪ್ರತಿಮೆ ಇರುವ ಕಬ್ಬನ್ ಪಾರ್ಕ್ ಬದಿಯಿಂದ ಪೂರ್ವದ ಟ್ರಿನಿಟಿ ವೃತ್ತದವರೆಗಿದೆ. ಆರಾಮವಾಗಿ ನಡೆದು ಮುಗಿಸಬಹುದು. ಒಂದು ಬದಿ ಸೈನ್ಯದ ಪರೇಡ್ ಮೈದಾನ, ಇನ್ನೊಂದು ಬದಿ ಅಂಗಡಿ ಸಾಲು. ಪೂರ್ವದ ಕೊನೆಯಲ್ಲಿ 1851ರ ಟ್ರಿನಿಟಿ ಚರ್ಚ್, ನಡುವೆ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಇವೆ.

ಮೈದಾನದ ಬದಿಯಲ್ಲಿ ಮರಗಳ ನೆರಳಿನ ಕಾಲುದಾರಿಯೊಂದಿತ್ತು. ಮೆಟ್ರೊ ಕಾಮಗಾರಿಗಾಗಿ ಮರ ಕಡಿದಾಗ ಬೆಂಗಳೂರಿಗರು ಬೀದಿಗಿಳಿದು ಪ್ರತಿಭಟಿಸಿದ್ದರು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ಓಡಿದ್ದು ಬೈಯಪ್ಪನಹಳ್ಳಿಯಿಂದ ಇಲ್ಲಿಗೇ. ಹಳೆಯ ಕಾಲುದಾರಿಯ ಜಾಗದಲ್ಲಿ 2013ರಲ್ಲಿ 'ರಂಗೋಲಿ' ಕಲಾಕೇಂದ್ರ ಶುರುವಾಯಿತು. ಚಿತ್ರ ಪ್ರದರ್ಶನದ ಗ್ಯಾಲರಿಗಳು, 'ರಂಗಸ್ಥಳ' ಎಂಬ ಸಭಾಂಗಣ ಇದರ ಭಾಗ.

ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿದ್ದ, 1936ರ ಪ್ಲಾಜಾ ಚಿತ್ರಮಂದಿರ ಈಗಿಲ್ಲ. 1959ರಿಂದ ಇಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಹಿಂದಿನ ಬೀದಿ ಚರ್ಚ್ ಸ್ಟ್ರೀಟ್‌ಗೆ ಹೋಯಿತು.

ಕೊಳ್ಳುವುದೇನು?

ಮದುವೆ ಸೀರೆ, ಪಂಚೆ, ಪಾತ್ರೆಗಳಿಗೆ ಎಂ.ಜಿ. ರಸ್ತೆ ತಕ್ಕ ಜಾಗವಲ್ಲ. ಅದಕ್ಕೆ ಚಿಕ್ಕಪೇಟೆಯೇ ಸರಿ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಆದಮೇಲಿನ ನಿಲ್ದಾಣ ಅದು. ಎಂ.ಜಿ. ರಸ್ತೆ, ಪಕ್ಕದ ಬ್ರಿಗೇಡ್ ರಸ್ತೆಗಳಲ್ಲಿ ಇರುವುದು ಹೆಚ್ಚಾಗಿ ಕಂಪನಿ ಮಳಿಗೆಗಳು. ಇಲ್ಲಿ ಚೌಕಾಸಿ ನಡೆಯುವುದಿಲ್ಲ. ಸುಮ್ಮನೆ ನೋಡಿ ಬಂದರೆ ಯಾರೂ ಬೇಡವೆನ್ನುವುದಿಲ್ಲ.

ಇಲ್ಲಿ ಕೊಳ್ಳಲೇಬೇಕಾದ್ದು ಪುಸ್ತಕ. ಹಿಗ್ಗಿನ್‌ಬಾಥಮ್ಸ್ ಅಂಗಡಿ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಚರ್ಚ್ ಸ್ಟ್ರೀಟ್‌ನ ಬ್ಲಾಸಂ ಅಂಗಡಿಯಲ್ಲಿ ಹಳೆಯ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಇದನ್ನು ಕಟ್ಟಿದ ಮಾಯಿಗೌಡರು ಮೈಸೂರು ಕಡೆಯ ಹಳ್ಳಿಯಿಂದ ಬಂದವರು. ಎಂಜಿನಿಯರಿಂಗ್ ಓದಿದ ಅವರು ಇದೇ ಎಂ.ಜಿ. ರಸ್ತೆಯ ಫುಟ್‌ಪಾತ್ ಮೇಲೆ ಪುಸ್ತಕ ಹರಡಿ ಮಾರುತ್ತ ಮೇಲೆ ಬಂದರು. ಹಳ್ಳಿಯವರಿಗೆ ಈ ಬೀದಿ ಆಗಿಬರುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ನಮ್ಮೂರಿನ ನಂಟು

ಹೇಮಾವತಿಯವರು ತಪ್ಪದೆ ನೋಡಬೇಕಾದ ಕಲ್ಲೊಂದು ಇಲ್ಲಿಗೆ ಹತ್ತಿರದಲ್ಲೇ ಇದೆ. ಕಸ್ತೂರ್‌ಬಾ ರಸ್ತೆಯಲ್ಲಿ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ಅಲ್ಲಿದೆ. ತುಂಬೆಪಾಡಿಯಲ್ಲಿ ಅಯ್ಯಪದೇವನ ಪರವಾಗಿ ವೀರಮಹೇಂದ್ರನ ವಿರುದ್ಧ ಕಾದಿ ಮಡಿದ ನಾಗತ್ತರನ ಕಲ್ಲು ಅದು. ಅವನನ್ನು ಕಳಿಸಿದವನು ಗಂಗರ ಎರೆಯಪ್ಪ. ಅಯ್ಯಪದೇವ ನೊಳಂಬ ದೊರೆ. ನೊಳಂಬರ ರಾಜಧಾನಿ ಹೆಂಜೇರು ಎಂದರೆ ಇಂದಿನ ನಮ್ಮ ಹೇಮಾವತಿಯೇ. ಆನೆ, ಕುದುರೆ, ಕಾಲಾಳುಗಳು ಕಲ್ಲಿನ ತುಂಬ ಕಿಕ್ಕಿರಿದಿವೆ. ದುರಸ್ತಿ ಕೆಲಸಕ್ಕಾಗಿ ಸಂಗ್ರಹಾಲಯ ಮುಚ್ಚಿರುವುದೂ ಉಂಟು. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ನೆನಪಿಡಿ

* ಡಿಸೆಂಬರ್ 31ರ ರಾತ್ರಿ ಈ ಭಾಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳು, ವಯಸ್ಸಾದವರೊಂದಿಗೆ ಅಂದು ಹೋಗಬೇಡಿ.

* ಚಿನ್ನಸ್ವಾಮಿ ಕ್ರೀಡಾಂಗಣ ಹತ್ತಿರದಲ್ಲೇ ಇದೆ. 2025ರ ಜೂನ್ 4ರಂದು ಅದರ ಹೊರಗೆ ನಡೆದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಪಂದ್ಯ, ವಿಜಯೋತ್ಸವದ ದಿನಗಳನ್ನು ಬಿಟ್ಟು ಹೋಗುವುದು ಒಳಿತು.

* ಊರಿಗೆ ಕೊನೆಯ ಬಸ್ಸು, ರೈಲಿನ ಹೊತ್ತು ಮೊದಲೇ ತಿಳಿದುಕೊಳ್ಳಿ. ಸಂಜೆ ಮೆಟ್ರೊದಲ್ಲಿ ಕಚೇರಿ ಬಿಟ್ಟವರ ನೂಕಾಟ ಜಾಸ್ತಿ. ಗಂಟುಮೂಟೆ ಇದ್ದರೆ ನಾಲ್ಕು ಗಂಟೆಯೊಳಗೆ ಹೊರಡಿ.

* ದಾರಿ ತಿಳಿಯದಿದ್ದರೆ ಕನ್ನಡದಲ್ಲೇ ಕೇಳಿ. ಆಟೊದವರು, ಪೊಲೀಸರು, ಮೆಟ್ರೊ ಸಿಬ್ಬಂದಿ ಕನ್ನಡದಲ್ಲೇ ಹೇಳುತ್ತಾರೆ.