ಸರಕಾರದ ಸಾಲ, ಒಕ್ಕಲಿಗನ ನೆಲ

ಚಿಕ್ಕೋಡಿ ಸೀಮೆಯ ಹಿರಿಯರ ಮಾತಿನಲ್ಲಿ ಉಳಿದುಬಂದಿರುವ ಹಳೆಯ ಕಚೇರಿಯ ಶಬ್ದಗಳಲ್ಲಿ 'ತಗಾವಿ' ಎಂಬುದೊಂದು. ಬಾವಿ ತೋಡಿಸಲು, ಎತ್ತು ಕೊಳ್ಳಲು, ಬಿತ್ತುವ ಬೀಜ ತರಲು ಸರಕಾರವು ರೈತನಿಗೆ ಕೊಡುತ್ತಿದ್ದ ಸಾಲಕ್ಕೆ ಈ ಹೆಸರು. ಶಬ್ದದ ಮೂಲ ಅರಬ್ಬಿ. ಬಲ ಕೊಡುವುದು ಎಂದು ಅದರ ಅರ್ಥ. ಅದರ ನೆರೆಯಲ್ಲಿಯೇ 'ತಗಾದೆ' ಎಂಬ ಇನ್ನೊಂದು ಶಬ್ದವುಂಟು. ಕೊಟ್ಟ ಹಣವನ್ನು ಮರಳಿ ಕೇಳುವುದಕ್ಕೆ ಆ ಹೆಸರು. ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲವಾದರೂ ನಮ್ಮ ಹಳ್ಳಿಗಳಲ್ಲಿ ಮೊದಲನೆಯದು ಹೊಕ್ಕ ಮನೆಗೆ ಎರಡನೆಯದು ಹಿಂದೆಯೇ ಬಂದದ್ದು ಹೆಚ್ಚು. ಕನ್ನಡ ಪಾಠ ಹೇಳುವ ನನಗೆ ಅರ್ಥಶಾಸ್ತ್ರದಲ್ಲಿ ಅಧಿಕಾರವಿಲ್ಲ; ಶಬ್ದಗಳ ಬೆನ್ನು ಹತ್ತಿ ಹೋಗುವ ಚಟ ಮಾತ್ರ ಉಂಟು. ತಗಾವಿಯ ಬೆನ್ನು ಹತ್ತಿ ಹೋದರೆ, ಬಡ ಹಳ್ಳಿಗಳನ್ನು ಮೇಲೆತ್ತಲು ಸರಕಾರಗಳು ಸುಮಾರು ಒಂದೂವರೆ ಶತಮಾನದಿಂದ ನಡೆಸಿಕೊಂಡು ಬಂದ ಯತ್ನದ ಗುಣವೂ ದೋಷವೂ ಕಣ್ಣಿಗೆ ಬೀಳುತ್ತವೆ.

ನೋಡುವುದಕ್ಕೆ ಒಂದು ಊರು ಬೇಕಲ್ಲ, ಬೋರಗಾಂವವನ್ನು ತೆಗೆದುಕೊಳ್ಳೋಣ. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿರುವ ಈ ಊರು ದೂಧಗಂಗೆಯ ಬಯಲಿನದು. ಮಹಾರಾಷ್ಟ್ರದ ಗಡಿ ಇಲ್ಲಿಂದ ದೂರವಿಲ್ಲ. ಸಂತೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಬ್ರಿಟಿಷರ ಕಾಲಕ್ಕೆ ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ನಡುವಿನ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಸಹ್ಯಾದ್ರಿಯ ಮಳೆ ಪಡುವಣ ಹೊಲಗಳಿಗೆ ತಕ್ಕಮಟ್ಟಿಗೆ ದಕ್ಕಿದರೆ, ಮೂಡಣಕ್ಕೆ ಅಥಣಿಯ ಕಡೆ ಸರಿದಂತೆ ಮುಗಿಲು ಕೈಬಿಡುತ್ತದೆ.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಈ ಜಿಲ್ಲೆಯ ಮೂಡಣ ತಾಲೂಕುಗಳು ಬೆಂದುಹೋದವು. ಆ ಬರವೇ ಸರಕಾರದ ಕಣ್ಣು ತೆರೆಯಿಸಿತೆನ್ನಬೇಕು. 1880ರ ಕ್ಷಾಮ ಆಯೋಗದ ವರದಿಯ ಬಳಿಕ ಬರಪೀಡಿತ ನಾಡಿಗೆ ಧಾನ್ಯ ಮುಟ್ಟಿಸಲು ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿತು. ಮೀರಜದಿಂದ ಕುಡಚಿ, ರಾಯಬಾಗಗಳ ಮೇಲೆ ಬೆಳಗಾವಿಗೆ ಹಳಿ ಹಾಸಿತು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿದ್ದು ಗೋಕಾಕದ ಕಾಲುವೆ ಹರಿಯಿತು. ಇವು ಕಲ್ಲು, ಕಬ್ಬಿಣದ ಕೆಲಸಗಳು. ಒಬ್ಬೊಬ್ಬ ರೈತನ ಕೈಗೆ ನೇರವಾಗಿ ಬಲ ಕೊಡಲೆಂದು ಬಂದವು 1883ರ ಭೂಸುಧಾರಣೆ ಸಾಲದ ಕಾಯಿದೆ ಮತ್ತು 1884ರ ರೈತರ ಸಾಲದ ಕಾಯಿದೆ. ಮೊದಲಿನಿಂದಲೂ ರೂಢಿಯಲ್ಲಿದ್ದ ತಗಾವಿಗೆ ಇವು ಕಾನೂನಿನ ಅಂಗಿ ತೊಡಿಸಿದವು.

ಉದ್ದೇಶ ಒಳ್ಳೆಯದೇ. ಆದರೆ ತಗಾವಿಯ ಬಾಕಿಯನ್ನು ಕಂದಾಯದ ಬಾಕಿಯಂತೆಯೇ ವಸೂಲು ಮಾಡುವ ಅಧಿಕಾರ ಸರಕಾರಕ್ಕಿತ್ತು. ಅರ್ಜಿಯೆಂದರೆ ತಲಾಠಿಯ ಬರಹ, ಮಾಮಲೇದಾರರ ಕಚೇರಿಗೆ ಓಡಾಟ, ನೆಲದ ಜಾಮೀನು. ಮಗಳ ಮದುವೆಗೆ, ಮನೆಯವರ ಕಾಯಿಲೆಗೆ ಅಲ್ಲಿ ಹಣ ಹುಟ್ಟದು. ಸಾವುಕಾರನಾದರೋ ಯಾವ ಕೆಲಸಕ್ಕೆ ಎಂದು ಕೇಳುತ್ತಿರಲಿಲ್ಲ. ನಡುರಾತ್ರಿಯಲ್ಲಿಯೂ ಕೊಡುತ್ತಿದ್ದ, ಬಡ್ಡಿಯನ್ನು ಮಾತ್ರ ತನ್ನ ಮನಸ್ಸಿನಂತೆ ಹಾಕುತ್ತಿದ್ದ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವುಕಾರರ ಮನೆ ಹೊಕ್ಕು ಸಾಲಪತ್ರಗಳನ್ನು ಸುಟ್ಟರು. ಅವರ ರಕ್ಷಣೆಗೆಂದು 1879ರಲ್ಲಿ ಬಂದ ಕಾಯಿದೆ ಮೊದಲಿಗೆ ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿತು. ಬೆಳಗಾವಿ ಅವುಗಳಲ್ಲಿ ಇರಲಿಲ್ಲ.

ಸಾವುಕಾರನಿಗೆ ಬದಲು ರೈತರೇ ಕೂಡಿ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಂಡರಾಗದೇ ಎಂಬ ವಿಚಾರ ಜರ್ಮನಿಯ ಹಳ್ಳಿಗಳಿಂದ ಬಂದದ್ದು. ಅಲ್ಲಿ ರೈಫೈಸನ್ ಎಂಬಾತ ಕಟ್ಟಿದ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಆ ಮಾದರಿಯನ್ನು ಅನುಸರಿಸಿ 1904ರಲ್ಲಿ ಹಿಂದುಸ್ತಾನದ ಸಹಕಾರಿ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲನೆಯ ಕೃಷಿ ಪತ್ತಿನ ಸಂಘವನ್ನು ಕಟ್ಟಿದರೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಊರೂರಿಗೆ 'ಸೊಸಾಯಿಟಿ' ಬಂದಿತು. ಹೀಗಿದ್ದರೂ ಅರ್ಧ ಶತಮಾನ ಕಳೆದ ಮೇಲೆ, 1951–52ರ ಸ್ಥಿತಿಯನ್ನು ಅಳೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಕಂಡದ್ದೇನು? ರೈತರು ತಂದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ 3.1; ಸರಕಾರದ ಪಾಲು 3.3. ಹೆಚ್ಚು ಕಡಿಮೆ ನೂರಕ್ಕೆ 70ರಷ್ಟು ಸಾಲ ಲೇವಾದೇವಿಗಾರರದೇ ಆಗಿತ್ತು.

ಇದಕ್ಕೆ ಕಾರಣಗಳು ಹಲವು. ಈ ಗಡಿನಾಡಿನಿಂದ ನೋಡುವ ನನಗೆ ಒಂದು ಕಾರಣ ಉಳಿದವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ತಗಾವಿಯಿರಲಿ, ಸೊಸಾಯಿಟಿಯಿರಲಿ, ಸಾಲ ಕೇಳಿಬಂದವನ 'ಉತಾರ' ನೋಡಿಯೇ ಕೈ ಬಿಚ್ಚುತ್ತಿತ್ತು. ಉತಾರವೆಂದರೆ ನೆಲ ಯಾರ ಹೆಸರಿನಲ್ಲಿದೆಯೆಂಬುದಕ್ಕೆ ಕಚೇರಿಯ ಪ್ರಮಾಣ. ಇನ್ನೊಬ್ಬರ ಹೊಲವನ್ನು ಲಾವಣಿಗೆ ಹಿಡಿದು ಮೂರು ತಲೆಮಾರು ಉತ್ತವನಿಗೆ ಬೆವರಿತ್ತು, ಉತಾರವಿರಲಿಲ್ಲ. 1952ರ ಅಕ್ಟೋಬರ 2ರಂದು ಆರಂಭವಾದ ಸಮುದಾಯ ವಿಕಾಸ ಯೋಜನೆ ಬೀಜ, ಗೊಬ್ಬರ, ಬಾವಿಗಳ ಮಾತನ್ನು ಹಳ್ಳಿಗಳಿಗೆ ತಂದಿತು. ಆದರೆ ಬಾವಿ ತೋಡಬೇಕಾದರೂ ಮೊದಲು ನೆಲ ತನ್ನದಾಗಿರಬೇಕು.

ಆ ನೆಲ ಕೈಗೆ ಬರುವಂತಿದ್ದ ಹೊತ್ತಿಗೆ ಬೋರಗಾಂವದಂಥ ಊರುಗಳಿಗೆ ಒಂದು ವಿಚಿತ್ರ ಒದಗಿತು. 1948ರ ಮುಂಬಯಿ ಗೇಣಿ ಕಾಯಿದೆ ಈ ಸೀಮೆಗೂ ಅನ್ವಯಿಸಿತ್ತು. 1956ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, 1957ರ ಏಪ್ರಿಲ್ 1ರಂದು, ಅಂದರೆ 'ಉಳುವವರ ದಿನ'ದಂದು, ಗೇಣಿದಾರನು ತಾನು ಉಳುವ ನೆಲವನ್ನು ಕೊಂಡಂತೆ ಎಂದು ಗೊತ್ತುಪಡಿಸಲಾಗಿತ್ತು. ಅಷ್ಟರಲ್ಲಿ 1956ರ ನವೆಂಬರ 1ರಂದು ರಾಜ್ಯಗಳ ಪುನರ್ರಚನೆಯಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡಿಗರು ಒಂದಾದ ಆ ಸಂತೋಷದಲ್ಲಿ ಈ ಒಂದು ಸಂಗತಿ ಬಹಳ ಜನರ ಗಮನಕ್ಕೆ ಬರಲಿಲ್ಲ: ಮೈಸೂರು ಸರಕಾರವು 1957ರಲ್ಲಿಯೇ ಮುಂಬಯಿ ಕಾಯಿದೆಯ ಆ ಕಲಮುಗಳನ್ನು ಇಲ್ಲಿ ತಡೆಹಿಡಿಯಿತು. ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಬೇಕೆಂಬುದು ನ್ಯಾಯವೇ ಆಗಿತ್ತು. ಆದರೆ ಆ ಒಂದೇ ಕಾಯಿದೆ 1961ರಲ್ಲಿ ರಚಿತವಾಗಿ 1965ರ ಅಕ್ಟೋಬರ 2ರಂದು ಜಾರಿಗೆ ಬಂದಿತು. ಉಳುವವನಿಗೆ ನೆಲವೆಂಬ ಮಾತಿಗೆ ನಿಜವಾದ ಬಲ ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಿಂದ.

ನಡುವೆ ಹದಿನೇಳು ವರ್ಷ ಸರಿದುಹೋದವು. ನದಿ ಅದೇ, ಎರೆಮಣ್ಣು ಅದೇ, ಬೀಗರು ಕೂಡ ಆಚೆ ಈಚೆ ಕೊಟ್ಟು ತಂದವರೇ. ಆಚೆಯ ಗೇಣಿದಾರನ ಹೆಸರು ಉತಾರ ಹತ್ತುವ ದಾರಿ 1957ರಲ್ಲಿ ತೆರೆಯಿತು. ಈಚೆಯವನು ಭೂ ನ್ಯಾಯಮಂಡಳಿಗೆ 'ಫಾರ್ಮ್ ನಂಬರ್ 7' ಬರೆದುಕೊಳ್ಳಲು 1974ರವರೆಗೆ ಕಾದನು. ಆಚೆಯ ದಾರಿಯಲ್ಲಿಯೂ ಮುಳ್ಳುಗಳಿದ್ದವು. ಸ್ವಂತ ಸಾಗುವಳಿಯ ನೆಪದಲ್ಲಿ ನೆಲವನ್ನು ಮರಳಿ ಪಡೆಯಲು ಧಣಿಗೆ ಅವಕಾಶವಿತ್ತು. ಆದರೂ ಹದಿನೇಳು ವರ್ಷವೆಂದರೆ ಒಂದು ಕೂಸು ಬೆಳೆದು ನೇಗಿಲು ಹಿಡಿಯುವಷ್ಟು ಕಾಲ. ಆ ಕಾಲದಲ್ಲಿ ಹಂಚಿಹೋದ ಸಾಲ, ಸಹಾಯಗಳೆಲ್ಲ ಉತಾರವಿದ್ದವರ ಅಂಗಳದಲ್ಲಿಯೇ ಇಳಿದವೆಂದರೆ ತಪ್ಪಾಗಲಾರದು.

ನೆಲ ಬಂದ ಮೇಲೆ ಬೆಲೆಯ ಪ್ರಶ್ನೆ ಎದ್ದಿತು. ನಿಪ್ಪಾಣಿಯ ಬೀಡಿ ತಂಬಾಕು ದೇಶದಲ್ಲಿ ಹೆಸರಾದದ್ದು. ಅದರ ದರ ಮಾತ್ರ ವಖಾರಿಯ ವ್ಯಾಪಾರಿಯ ಬಾಯಲ್ಲಿತ್ತು. 1976ರಲ್ಲಿ ಕೇಂದ್ರ ಸರಕಾರ ತಂಬಾಕು ಮಂಡಳಿಯನ್ನು ಸ್ಥಾಪಿಸಿತಾದರೂ ಅದು ನೋಡಿಕೊಂಡದ್ದು ವರ್ಜೀನಿಯಾ ತಂಬಾಕನ್ನು. ಮೈಸೂರಿನ ಕಡೆಯ ಹುಣಸೂರು, ಪಿರಿಯಾಪಟ್ಟಣಗಳ ಬೆಳೆಗಾರನಿಗೆ ಹರಾಜಿನ ಕಟ್ಟೆ ಸಿಕ್ಕಿತು, ನಿಪ್ಪಾಣಿಯವನಿಗೆ ಸಿಗಲಿಲ್ಲ. 1981ರ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ ಶರದ ಜೋಶಿಯವರ ಮುಂದಾಳ್ತನದಲ್ಲಿ ಸಾವಿರಾರು ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತು ತಕ್ಕ ಬೆಲೆ ಕೇಳಿದರು. ಆ ಚಳವಳಿ ಪೊಲೀಸರ ಗುಂಡಿನಲ್ಲಿ, ರೈತರ ಸಾವಿನಲ್ಲಿ ಕೊನೆಗೊಂಡಿತು.

ಕಬ್ಬಿನ ಕತೆ ಬೇರೆಯಾಯಿತು. ಕೇಂದ್ರ ಸರಕಾರದ 1966ರ ಆಜ್ಞೆಯಂತೆ ಅದಕ್ಕೆ ಕನಿಷ್ಠ ಬೆಲೆಯುಂಟು. ವಿಠ್ಠಲರಾವ ವಿಖೆ ಪಾಟೀಲರೂ ಧನಂಜಯರಾವ ಗಾಡಗೀಳರೂ 1950ರಲ್ಲಿ ಪ್ರವರಾನಗರದಲ್ಲಿ ತೋರಿಸಿದ ಸಹಕಾರಿ ಸಕ್ಕರೆಯ ದಾರಿ ಇಲ್ಲಿಗೂ ಬಂದು, ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ ಕಾರಖಾನೆಗಳು ಎದ್ದವು. ಬಾಕಿ ಬಿಲ್ಲಿನ ಜಗಳ ಆಗಾಗ ಎದ್ದರೂ ಈ ಬಯಲು ಹಸುರಾದದ್ದು ಸುಳ್ಳಲ್ಲ. ಆದರೆ ಕಾರಖಾನೆಯ ಶೇರುದಾರ ಕಬ್ಬಿನ ಹೊಲವಿದ್ದವನು; ಬೀಡ ಜಿಲ್ಲೆಯಿಂದ ಗಾಡಿ ಕಟ್ಟಿಕೊಂಡು ಬಂದು ಆ ಕಬ್ಬು ಕಡಿಯುವವನಲ್ಲ.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಕರ್ನಾಟಕದ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆಯೆಂದು ಸಾರಿತು. ಆ ಶ್ರಮಕ್ಕೆ ನಾಡು ಋಣಿಯಾಗಿದೆ. ಆದರೂ ತಾಲೂಕಿನ ಸರಾಸರಿಯಲ್ಲಿ ಊರು ಕರಗುತ್ತದೆ, ಊರಿನ ಸರಾಸರಿಯಲ್ಲಿ ಮನೆ ಕರಗುತ್ತದೆ. 1974ರ ಕಾಯಿದೆ ಲಾವಣಿಯನ್ನು ನಿಷೇಧಿಸಿದ್ದರಿಂದ ಇಂದು ಲಾವಣಿಯೆಂಬುದು ಬಾಯಿಮಾತಿನ ವ್ಯವಹಾರ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ವರ್ಷದ 6,000 ರೂಪಾಯಿ ನೆಲದ ಒಡೆಯನ ಖಾತೆಗೆ ಹೋಗುತ್ತದೆ. ಬಾಯಿಮಾತಿನ ಮೇಲೆ ಉಳುವವನಿಗೆ ಅದರಲ್ಲಿ ಪಾಲಿಲ್ಲ.

ನಮ್ಮ ಉತಾರದಲ್ಲಿ 9ನೆಯ ಕಾಲಮ್ಮು ಒಡೆಯನ ಹೆಸರಿಗೆ, 12ನೆಯದು ಸಾಗುವಳಿ ಮಾಡುವವನ ಹೆಸರಿಗೆ ಮೀಸಲು. ಕಾಗದ ಮಾಡಿದವರಿಗೆ ಇವರು ಇಬ್ಬರಾಗಿರಬಹುದೆಂಬ ತಿಳಿವಳಿಕೆ ಇತ್ತು. ಇನ್ನು ಮುಂದೆ ಹಳ್ಳಿಗಳ ಏಳಿಗೆಗೆಂದು ಯಾವ ಸಮಿತಿ ಬಂದರೂ ತಾಲೂಕು ಕಚೇರಿಯಲ್ಲಿ ಅಂಕಿಗಳನ್ನು ಕೇಳುವ ಮೊದಲು, ಹೊಲದ ಬದುವಿನ ಮೇಲೆ ನಿಂತು ಆ 12ನೆಯ ಕಾಲಮ್ಮಿನಲ್ಲಿ ಇರಬೇಕಾದ ಹೆಸರು ಯಾರದೆಂದು ವಿಚಾರಿಸಿದರೆ ಒಳ್ಳೆಯದು.