ಆಕಾಶದಲ್ಲಿ ಡಿಕ್ಕಿ ತಪ್ಪಿಸಲು ಕಲಿತ ಕತೆ

ಗಡಿನಾಡಾದ ಕಾಸರಗೋಡಿನಲ್ಲಿ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ನಮ್ಮ ತರಗತಿಗಳಲ್ಲೂ ತಂದೆಯೋ ಮಾವನೋ ಅಲ್ಲಿ ದುಡಿಯುತ್ತಿರುವ ಮಕ್ಕಳು ಅನೇಕರಿದ್ದಾರೆ. ವಿಮಾನದ ವಿಷಯ ಬಂದಾಗ ಅವರು ಕೇಳುವ ಪ್ರಶ್ನೆ ಹೀಗಿರುತ್ತದೆ: "ಸರ್, ಆಕಾಶದಲ್ಲಿ ರಸ್ತೆ ಇಲ್ಲ, ಸಿಗ್ನಲ್ ಇಲ್ಲ. ಎದುರಿನಿಂದ ಇನ್ನೊಂದು ವಿಮಾನ ಬಂದರೆ ಏನು ಮಾಡುತ್ತಾರೆ?" 2010ರ ಮಂಗಳೂರು ದುರಂತವನ್ನು ಕಂಡ ಊರು ನಮ್ಮದು. ಆದರೆ ಅದು ಇಳಿಯುವಾಗ ಆದ ಅವಘಡ. ಮಕ್ಕಳ ಪ್ರಶ್ನೆ ಡಿಕ್ಕಿಯ ಕುರಿತಾದದ್ದು. ಅದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಇತಿಹಾಸ ನೋಡಬೇಕು.

ಆಕಾಶಕ್ಕೂ ಪೊಲೀಸನೊಬ್ಬ ಬೇಕು ಎಂಬ ಯೋಚನೆ ಹಳೆಯದು. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಮಾನ ನಿಲ್ದಾಣದಲ್ಲಿ ಆರ್ಚಿ ಲೀಗ್ ಎಂಬವರು ಎರಡು ಬಾವುಟ ಹಿಡಿದು ಮೈದಾನದಲ್ಲಿ ನಿಲ್ಲುತ್ತಿದ್ದರು. ಚೌಕಳಿ ಬಾವುಟ ಬೀಸಿದರೆ ಹೊರಡಬಹುದು, ಕೆಂಪು ಬಾವುಟ ಬೀಸಿದರೆ ನಿಲ್ಲಬೇಕು. ಕುರ್ಚಿ, ಕೊಡೆ, ಬುತ್ತಿ, ಕುಡಿಯುವ ನೀರು ಎಲ್ಲವನ್ನೂ ಒಂದು ಕೈಗಾಡಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರಂತೆ. ಬಾವುಟದ ಜಾಗಕ್ಕೆ ಆಮೇಲೆ ರೇಡಿಯೋ ಬಂತು, ಎರಡನೆಯ ಮಹಾಯುದ್ಧದ ನಂತರ ರಾಡಾರ್ ಬಂತು. ಆದರೂ ನಿಲ್ದಾಣದಿಂದ ದೂರದ ಆಕಾಶದಲ್ಲಿ ಪೈಲಟ್‌ಗಳು ಎಷ್ಟೋ ಕಡೆ ಕಣ್ಣನ್ನೇ ನಂಬಬೇಕಾಗಿತ್ತು. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಮಂದಿ ಸತ್ತರು. ಅಮೆರಿಕವು ಎಚ್ಚೆತ್ತು 1958ರಲ್ಲಿ ಹೊಸ ವಾಯುಯಾನ ಕಾನೂನು ತಂದಿತು.

ಇನ್ನು ನಮ್ಮ ದೇಶಕ್ಕೆ ಬರೋಣ. 1996ರ ನವೆಂಬರ್ 12ರ ಸಂಜೆ ಸೌದಿಯಾ ಸಂಸ್ಥೆಯ ಬೋಯಿಂಗ್ 747 ವಿಮಾನವು 312 ಮಂದಿಯನ್ನು ಹೊತ್ತು ದೆಹಲಿಯಿಂದ ದಹ್ರಾನ್ ಕಡೆಗೆ ಹೊರಟಿತು. ಅವರಲ್ಲಿ ಗಲ್ಫಿಗೆ ದುಡಿಯಲು ಹೊರಟವರು ಬಹಳ ಮಂದಿ. ಅದೇ ಹೊತ್ತಿಗೆ ಕಜಕಸ್ತಾನದ ಇಲ್ಯೂಷಿನ್ 76 ವಿಮಾನವು 37 ಮಂದಿಯೊಂದಿಗೆ ದೆಹಲಿಗೆ ಇಳಿಯಲು ಬರುತ್ತಿತ್ತು. ಆಗ ದೆಹಲಿಯಲ್ಲಿ ನಾಗರಿಕ ವಿಮಾನಗಳು ಹೋಗುವುದೂ ಬರುವುದೂ ಒಂದೇ ದಾರಿಯಲ್ಲಿ. ನಿಯಂತ್ರಕರು ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎತ್ತರ ಕೊಟ್ಟಿದ್ದರು. ನಡುವಿನ ಸಾವಿರ ಅಡಿ ಎಂದರೆ ಸುಮಾರು 300 ಮೀಟರ್. ಇಬ್ಬರೂ ತಮ್ಮ ತಮ್ಮ ಎತ್ತರದಲ್ಲೇ ಇದ್ದಿದ್ದರೆ ಒಂದರ ಮೇಲೊಂದು ಸುಖವಾಗಿ ದಾಟಿ ಹೋಗುತ್ತಿದ್ದವು.

ಆದರೆ ಕಜಕ್ ವಿಮಾನ 15,000ಕ್ಕೆ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾದವು. ಒಟ್ಟು 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಷ್ಟು ಜನ ಸತ್ತದ್ದು ಬೇರೆ ಇಲ್ಲ.

ನಿಯಂತ್ರಕರಿಗೆ ಇದು ಯಾಕೆ ಕಾಣಲಿಲ್ಲ? ಇದನ್ನು ನಾವು ಮಕ್ಕಳಿಗೆ ಹೀಗೆ ವಿವರಿಸುತ್ತೇವೆ. ಬೆಟ್ಟದೆದುರು ನಿಂತು ಕೂಗಿದರೆ ಪ್ರತಿಧ್ವನಿ ಬರುತ್ತದೆ. ಆಗ ದೆಹಲಿಯಲ್ಲಿ ಬಳಕೆಯಲ್ಲಿದ್ದ ಪ್ರಾಥಮಿಕ ರಾಡಾರ್ ಕೂಡ ಹಾಗೆಯೇ. ರೇಡಿಯೋ ಅಲೆ ವಿಮಾನಕ್ಕೆ ಬಡಿದು ಹಿಂದಿರುಗಿದಾಗ ಅದು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ, ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುವುದಿಲ್ಲ. ಎತ್ತರಕ್ಕೆ ಪೈಲಟ್ ಬಾಯಲ್ಲಿ ಹೇಳಿದ್ದೇ ಆಧಾರ. ದ್ವಿತೀಯಕ ರಾಡಾರ್ ಹಾಗಲ್ಲ. ಅದು ವಿಮಾನವನ್ನು ಹಾಜರಿ ಕರೆದಂತೆ ಕೇಳುತ್ತದೆ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಉಪಕರಣ ತನ್ನ ಗುರುತನ್ನೂ ಎತ್ತರವನ್ನೂ ತಾನೇ ಉತ್ತರಿಸುತ್ತದೆ.

ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ಆಯೋಗ ತನಿಖೆ ನಡೆಸಿತು. ಕಜಕ್ ಸಿಬ್ಬಂದಿ ಕೊಟ್ಟ ಎತ್ತರ ಬಿಟ್ಟು ಇಳಿದದ್ದೇ ಕಾರಣ ಎಂದಿತು. ಅವರಿಗೆ ಇಂಗ್ಲಿಷ್ ಸರಿಯಾಗಿ ಬಾರದಿದ್ದುದನ್ನೂ ಎತ್ತಿ ಹೇಳಿತು. ಆ ಬಳಿಕ ದೆಹಲಿಯಲ್ಲಿ ಬರುವ ದಾರಿ, ಹೋಗುವ ದಾರಿ ಬೇರೆಯಾದವು, ದ್ವಿತೀಯಕ ರಾಡಾರ್ ಕೆಲಸ ಆರಂಭಿಸಿತು. ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಎಂಬ ಉಪಕರಣವನ್ನು ಭಾರತ ಸರಕಾರ ಕಡ್ಡಾಯ ಮಾಡಿತು.

ಟಿಕ್ಯಾಸ್ ನೆಲದ ಸಹಾಯವಿಲ್ಲದೆ ಕೆಲಸ ಮಾಡುತ್ತದೆ. ಹತ್ತಿರದ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನು ತಾನೇ ಕೇಳಿ ದೂರ, ಎತ್ತರಗಳನ್ನು ಲೆಕ್ಕ ಹಾಕುತ್ತದೆ. ಅಪಾಯವಿದ್ದರೆ ಎರಡು ವಿಮಾನಗಳ ಉಪಕರಣಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಒಬ್ಬ ಪೈಲಟ್‌ಗೆ 'ಮೇಲೇರು', ಇನ್ನೊಬ್ಬನಿಗೆ 'ಕೆಳಗಿಳಿ' ಎಂದು ಹೇಳುತ್ತವೆ. ದುಃಖದ ಸಂಗತಿಯೆಂದರೆ 1996ಕ್ಕಿಂತ ಮೊದಲೇ ಅಮೆರಿಕದಲ್ಲಿ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇದು ಕಡ್ಡಾಯವಾಗಿತ್ತು. ದಾದ್ರಿಯ ಮೇಲೆ ಹಾರುತ್ತಿದ್ದ ಎರಡರಲ್ಲಿ ಒಂದರಲ್ಲೂ ಅದು ಇರಲಿಲ್ಲ.

ಹಾಗಾದರೆ ಯಂತ್ರ ಬಂದ ಮೇಲೆ ಸಮಸ್ಯೆ ಮುಗಿಯಿತೇ? ಇಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗನ್ ಊರಿನ ಮೇಲೆ ರಷ್ಯಾದ ಪ್ರಯಾಣಿಕ ವಿಮಾನವೂ ಒಂದು ಸರಕು ವಿಮಾನವೂ ಎದುರಾದವು. ಎರಡರಲ್ಲೂ ಟಿಕ್ಯಾಸ್ ಇತ್ತು, ಸರಿಯಾಗಿಯೇ ಕೆಲಸ ಮಾಡಿತು. ಅದು ರಷ್ಯಾದ ಪೈಲಟ್‌ಗಳಿಗೆ 'ಮೇಲೇರಿ' ಎಂದಿತು. ಜ್ಯೂರಿಕ್‌ನಲ್ಲಿ ಒಬ್ಬರೇ ಕೆಲಸದಲ್ಲಿದ್ದ ನಿಯಂತ್ರಕರು 'ಕೆಳಗಿಳಿಯಿರಿ' ಎಂದರು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಸರಕು ವಿಮಾನ ಯಂತ್ರದ ಮಾತು ಕೇಳಿ ತಾನೂ ಇಳಿಯಿತು. ಸತ್ತ 71 ಮಂದಿಯಲ್ಲಿ ಹೆಚ್ಚಿನವರು ರಜೆಗೆಂದು ಸ್ಪೇನಿಗೆ ಹೊರಟಿದ್ದ ಶಾಲಾ ಮಕ್ಕಳು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ನಮ್ಮಂಥವರಿಗೆ ಇದನ್ನು ಓದುವಾಗ ಎದೆ ಭಾರವಾಗುತ್ತದೆ.

ಇಬ್ಬರ ಮಾತು ಬೇರೆಯಾದರೆ ಯಾರ ಮಾತು ಕೇಳಬೇಕು ಎಂಬ ನಿಯಮ ಅಲ್ಲಿಯವರೆಗೆ ಸ್ಪಷ್ಟವಿರಲಿಲ್ಲ. ಅನಂತರ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಅದನ್ನು ಖಚಿತಪಡಿಸಿತು: ಟಿಕ್ಯಾಸ್ ಆಜ್ಞೆ ಬಂದರೆ ಅದನ್ನೇ ಪಾಲಿಸಬೇಕು, ನಿಯಂತ್ರಕರ ಮಾತು ಅದಕ್ಕೆ ವಿರುದ್ಧವಾಗಿದ್ದರೂ ಸರಿ.

ಈಗ ಮಕ್ಕಳು ಕೇಳಿದರೆ ನಾವು ಹೇಳುವುದಿಷ್ಟು. ಆಕಾಶದಲ್ಲಿ ರಸ್ತೆಯೂ ಇದೆ, ಸಿಗ್ನಲ್ಲೂ ಇದೆ. ನಿಮ್ಮ ತಂದೆಯ ವಿಮಾನದ ಎತ್ತರ ನೆಲದಲ್ಲಿ ಕುಳಿತವರಿಗೆ ಕಾಣುತ್ತದೆ. ಎದುರಿನ ವಿಮಾನಕ್ಕೂ ಗೊತ್ತಾಗುತ್ತದೆ. ಕೊನೆಯ ಗಳಿಗೆಯಲ್ಲಿ ಯಾರ ಮಾತು ಕೇಳಬೇಕೆಂಬುದೂ ಪೈಲಟ್‌ಗೆ ಮೊದಲೇ ತಿಳಿದಿದೆ. ಈ ಒಂದೊಂದು ಸೌಲಭ್ಯದ ಹಿಂದೆಯೂ ಮನೆಗೆ ಮರಳದೆ ಹೋದವರಿದ್ದಾರೆ. ದಾದ್ರಿಯ ಹೊಲಗಳಲ್ಲಿ ಬಿದ್ದವರಲ್ಲಿ ಅನೇಕರು ನಮ್ಮ ಊರಿನವರ ಹಾಗೆಯೇ ಹೊಟ್ಟೆಪಾಡಿಗಾಗಿ ಹೊರಟವರು. ಪಾಠಪುಸ್ತಕದಲ್ಲಿ ಅವರ ಹೆಸರಿಲ್ಲದಿದ್ದರೂ ಪಾಠ ಹೇಳುವಾಗ ನಾವು ಅವರನ್ನು ನೆನೆಯುತ್ತೇವೆ.